ಗೇಜಕ್ಕ ಪಳಗಿಸದ ನಳಿಗೆ

ರೈಫಲ್ ಕ್ಲಬ್ಬಿನ ಬಂದೂಕು ಕೋಣೆಯ ಕೀಲಿ ಹದಿನೇಳು ವರ್ಷಗಳಿಂದ ಗೇಜಕ್ಕನ ಸೊಂಟದಲ್ಲಿತ್ತು. ಆ ಗುರುವಾರ ಸಂಜೆಯ ನಂತರವೂ ಅದು ಅಲ್ಲೇ ಇರುತ್ತದೋ ಇಲ್ಲವೋ ಎನ್ನುವುದು ಅವಳ ಒಂದು ಸಹಿಯ ಮೇಲೆ ನಿಂತಿತ್ತು.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುತ್ತಿದ್ದವಳು. ಜೇಬಿನಲ್ಲಿ ಸದಾ ಅಳತೆ ನೋಡುವ ಒಂದು ಗೇಜು, ಹೆಸರು ಬಂದದ್ದೂ ಅದರಿಂದಲೇ. ಯಾರಾದರೂ "ಕೂದಲೆಳೆಯಷ್ಟು ಜಾಸ್ತಿ ಆಗಿದೆ" ಎಂದರೆ "ಯಾರ ಕೂದಲು?" ಎಂದು ಕೇಳುವವರ ಪೈಕಿ.

ಅವಳನ್ನು ಬಂದೂಕು ನೋಡಿಕೊಳ್ಳಲು ಕ್ಲಬ್ಬಿಗೆ ಕರೆತಂದವರು ಗಂಡನ ಅಣ್ಣ, ಕ್ಲಬ್ಬಿನ ಕಾರ್ಯದರ್ಶಿ. ಒಂದು ಕಾಲಕ್ಕೆ ಪದಕಗಳನ್ನು ಬಾಚಿಕೊಂಡವರು. ಬಂದೂಕಿನ ನಳಿಗೆ, ಅಂದರೆ ಬ್ಯಾರಲ್, ಒರೆಸುವ ಸಲಾಕೆಯನ್ನು ಹೇಗೆ ಹಿಡಿಯಬೇಕೆಂದು ಕಲಿಸಿದವರೂ ಅವರೇ. ಹೊಸ ನಳಿಗೆಯನ್ನು ಪಳಗಿಸದೆ ಯಾರೂ ಸ್ಪರ್ಧೆಗೆ ಒಯ್ಯಬಾರದು ಎನ್ನುವ ನಿಯಮವೂ ಅವರದೇ. ಪಳಗಿಸುವುದೆಂದರೆ ಒಂದು ಗುಂಡು ಹಾರಿಸಿ ನಳಿಗೆ ಒರೆಸುವುದು, ಹೀಗೆ ಹತ್ತು ಸಲ. ಆಮೇಲೆ ಮೂರು ಗುಂಡಿಗೊಮ್ಮೆ ಒರೆಸುವುದು, ಐದು ಸಲ. ಹೊಸ ನಳಿಗೆಯೊಳಗೆ ಕೊರೆದ ಹತಾರದ ಸಣ್ಣ ಗೀರುಗಳಿರುತ್ತವೆ, ಗುಂಡಿನ ಹೊದಿಕೆಯ ತಾಮ್ರ ಅಲ್ಲಿ ಅಂಟುತ್ತದೆ, ಆಗಾಗ ಅದನ್ನು ತೆಗೆಯುತ್ತಾ ಹೋದರೆ ಗೀರು ಬೇಗ ನಯವಾಗುತ್ತದೆ ಎಂಬುದು ನಂಬಿಕೆ. ತಾಮ್ರ ಕರಗಿಸುವ ದ್ರಾವಣದಲ್ಲಿ ನೆನೆಸಿ ಒಳಗೆ ನೂಕಿದ ಬಟ್ಟೆ ನೀಲಿಯಾಗಿ ಹೊರಬಂದರೆ ಇನ್ನೂ ತಾಮ್ರವಿದೆ ಎಂದರ್ಥ. ಅದು ಬಿಳಿಯಾಗುವವರೆಗೆ ಮತ್ತೆ ಹಾರಿಸಿ, ಮತ್ತೆ ಒರೆಸುತ್ತಲೇ ಇರಬೇಕು.

ಆದರೆ ಬಟ್ಟೆ ಬಿಳಿಯಾಗುವುದು ಇಲ್ಲವೆನ್ನುವಷ್ಟು ಅಪರೂಪ. ಇಪ್ಪತ್ತೈದು ಗುಂಡಿಗೆ ಮುಗಿಯಬೇಕಾದದ್ದು ಐವತ್ತು, ಅರವತ್ತಕ್ಕೆ ಎಳೆಯುತ್ತಿತ್ತು. ಬಟ್ಟೆ ತುಂಡುಗಳನ್ನು ಕತ್ತರಿಸಿ ಕೊಡುತ್ತಿದ್ದವನು ಟೈಲರ್ ಆದ ಅವಳ ಗಂಡ. "ಮನೇಲಿ ಹಾಸೋಕೆ ಒಂದು ಬೆಡ್‌ಶೀಟ್ ಉಳಿದಿಲ್ಲ ಕಣೇ, ಎಲ್ಲಾ ನಮ್ಮಣ್ಣನ ಬ್ಯಾರಲ್ ಒಳಗೆ ಹೋಯ್ತು" ಎಂದು ಗೊಣಗುತ್ತಲೇ ಕತ್ತರಿಸುತ್ತಿದ್ದ.

ಆ ವಾರ ಅವಳು ಒಬ್ಬ ನರ್ಸಿನ ರೈಫಲ್ಲಿಗೆ ಹೊಸ ನಳಿಗೆ ಕೂರಿಸಿದ್ದಳು. ಸ್ಪರ್ಧೆಗೆ ಎಂಟು ದಿನ. ನರ್ಸಿನ ಹತ್ತಿರ ಉಳಿದಿದ್ದದ್ದು ನೂರಹತ್ತು ಗುಂಡು. ಸ್ಪರ್ಧೆಗೇ ಅರವತ್ತು ಬೇಕು. ಪಳಗಿಸುತ್ತಾ ಕೂತರೆ ಅಭ್ಯಾಸಕ್ಕೆ ಒಂದೂ ಉಳಿಯದು.

ಮಂಗಳವಾರ ಬೆಳಿಗ್ಗೆ ಗೇಜಕ್ಕ ಸಲಾಕೆಯ ತುದಿಗೆ ಹೊಸ ಹಿತ್ತಾಳೆ ತುಂಡು ತಿರುಗಿಸಿ ಕೂರಿಸಿ, ಅದಕ್ಕೆ ಬಟ್ಟೆ ಸುತ್ತಿ, ದ್ರಾವಣ ಹನಿಸಿದಳು. ಅಷ್ಟರಲ್ಲಿ ಪಾರ್ಸಲ್‌ನವನು ಬಾಗಿಲು ತಟ್ಟಿದ. ಅವನನ್ನು ಕಳಿಸಿ ಹತ್ತು ನಿಮಿಷದ ಮೇಲೆ ಬಂದು ನೋಡಿದರೆ ಬಟ್ಟೆ ನೀಲಿ. ಆ ಸಲಾಕೆ ಇನ್ನೂ ಯಾವ ನಳಿಗೆಯೊಳಗೂ ಹೋಗಿರಲಿಲ್ಲ.

ಅವಳು ಸ್ಟೂಲ್ ಎಳೆದು ಕೂತಳು. ಹಿತ್ತಾಳೆಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಇರುವುದು ತಾಮ್ರವೇ. ಕಾರ್ಖಾನೆಯಲ್ಲಿ ದಿನಾ ಮುಟ್ಟಿದ ಲೋಹ. ಹದಿನೇಳು ವರ್ಷ ಆ ಬಣ್ಣ ನೋಡಿ ನಳಿಗೆಯನ್ನು ಬೈದಿದ್ದಳು, ಒಮ್ಮೆಯೂ ಸಲಾಕೆಯನ್ನು ಅನುಮಾನಿಸಿರಲಿಲ್ಲ. ಮೊದಲು ನಾಚಿಕೆಯಾಯಿತು. ನಾಚಿಕೆ ಇಳಿದ ಮೇಲೆ ಸಿಟ್ಟು ಬಂತು, ಅದು ಇಳಿಯಲಿಲ್ಲ.

ಮಧ್ಯಾಹ್ನ ಲೇತ್ ಯಂತ್ರದಲ್ಲಿ ಸಲಾಕೆಗೆ ನೈಲಾನಿನ ಒಂದು ತುದಿ ಕಡೆದಳು. ಬುಧವಾರ ನರ್ಸ್ ಡ್ಯೂಟಿ ಮುಗಿಸಿ ಬಂದು, ನಡುವೆ ಎಲ್ಲೂ ಒರೆಸದೆ, ಹನ್ನೆರಡು ಗುಂಡು ಹಾರಿಸಿದಳು. ಗುರಿಕಾಗದದ ಮೇಲೆ ಕೊನೆಯ ಐದು ತೂತುಗಳು ಕೋಟಿನ ಒಂದು ಗುಂಡಿಯ ಕೆಳಗೆ ಮುಚ್ಚಿಹೋಗುವಂತಿದ್ದವು. ನೈಲಾನ್ ತುದಿಯಿಂದ ಒರೆಸಿದಾಗ ಮೂರನೇ ಬಟ್ಟೆ ತಿಳಿನೀಲಿ, ನಾಲ್ಕನೆಯದು ಬಿಳಿ.

ಉಳಿದದ್ದು ಪ್ರತಿ ಹೊಸ ನಳಿಗೆಗೂ ಕ್ಲಬ್ಬು ಇಡುವ ಕಾರ್ಡು. ಅದರಲ್ಲಿ 'ನಿಯಮದಂತೆ ಪಳಗಿಸಿದೆ' ಎಂಬ ಸಾಲಿನ ಕೆಳಗೆ ಅವಳ ಸಹಿ ಬೇಕು.

"ಒಂದು ಸಹಿ ತಾನೇ, ಗೀಚಿಬಿಡು" ಎಂದ ಗಂಡ. "ಅಣ್ಣನ್ನ ಯಾಕೆ ಎದುರು ಹಾಕ್ಕೋತೀಯ?"

"ನೀವು ಹೊಲಿಯದ ಅಂಗಿಗೆ ನಿಮ್ಮ ಅಂಗಡಿ ಲೇಬಲ್ ಹಚ್ತೀರೇನ್ರೀ?"

ಅವನು ಕತ್ತರಿ ಕೆಳಗಿಟ್ಟ. "ಬೇಡ ಬಿಡು, ಹಾಕಬೇಡ" ಎಂದ.

ಗುರುವಾರ ಸಂಜೆ ಕಾರ್ಯದರ್ಶಿಯ ಕೋಣೆಯಲ್ಲಿ ಇಬ್ಬರಿದ್ದರು: ಭಾವ, ಮತ್ತು ಕ್ಲಬ್ಬಿನ ಅಧ್ಯಕ್ಷರು, ಅವರು ಹಲ್ಲಿನ ಡಾಕ್ಟರು. ಭಾವ ಸಹಿಯಿಲ್ಲದ ಕಾರ್ಡನ್ನು ಮೇಜಿನ ಮೇಲೆ ತಳ್ಳಿದರು.

"ನೋಡಮ್ಮ, ಮನೆ ಮಾತು ಬೇರೆ, ಕ್ಲಬ್ ಮಾತು ಬೇರೆ. ಪಳಗಿಸಿ ಸಹಿ ಹಾಕು. ಆಗಲ್ಲ ಅಂದ್ರೆ ಕೀಲಿ ಇಟ್ಟು ಹೋಗು."

"ಮೊದಲು ಇದನ್ನ ನೀವೇ ಬಿಚ್ಚಿ ಭಾವ." ಅವಳು ಸೀಲು ಒಡೆಯದ ಒಂದು ಪೊಟ್ಟಣ ಕೊಟ್ಟಳು. ಒಳಗೆ ಫಳಫಳ ಹೊಳೆಯುವ ಹಿತ್ತಾಳೆ ತುದಿ. ಅದಕ್ಕೆ ಅವರ ಕೈಯಿಂದಲೇ ಬಟ್ಟೆ ಸುತ್ತಿಸಿ, ದ್ರಾವಣ ಹನಿಸಿ, ಕೈಗಡಿಯಾರ ನೋಡುತ್ತ ಕೂತಳು.

"ಎಷ್ಟು ಹೊತ್ತಮ್ಮ?" ಡಾಕ್ಟರು ಕೇಳಿದರು.

"ಹತ್ತು ನಿಮಿಷ. ನಿಮ್ಮ ಕುರ್ಚಿ ಮೇಲೆ ಬಾಯಿ ತೆರಕೊಂಡು ಕೂರೋದಕ್ಕಿಂತ ಸುಲಭ ಸರ್."

ಡಾಕ್ಟರು ನಕ್ಕರು. ಭಾವ ನಗಲಿಲ್ಲ. ಹತ್ತನೇ ನಿಮಿಷಕ್ಕೆ ಅವಳು ಬಟ್ಟೆ ಬಿಡಿಸಿ ಅವರ ಮುಂದೆ ಹಾಸಿದಳು. ನೀಲಿ.

"ಇದು ಯಾವ ಬ್ಯಾರಲ್ ಭಾವ?"

ಅವರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಹಾಗಂತ ಪಳಗಿಸೋದೇ ಬೇಡ ಅಂತ ಆಯ್ತಾ?" ಎಂದರು.

"ಆಗಲಿಲ್ಲ. ಬೇಕೋ ಬೇಡವೋ ನನಗೂ ಪೂರ್ತಿ ಗೊತ್ತಿಲ್ಲ. ಹಾರಿಸ್ತಾ ಹಾರಿಸ್ತಾ ಅದು ತಾನೇ ನಯ ಆಗುತ್ತೆ ಅನ್ಸುತ್ತೆ, ಆದ್ರೆ ಒಂದು ಬ್ಯಾರಲ್ ನೋಡಿ ಸಾಬೀತಾಯ್ತು ಅನ್ನಲ್ಲ. ಬೇಕೇ ಬೇಕು ಅನ್ನೋಕೆ ನಿಮ್ಮ ಹತ್ರ ಇದ್ದ ಸಾಕ್ಷಿ ಈ ಬಟ್ಟೆ ಒಂದೇ. ಅದು ಸುಳ್ಳು ಹೇಳ್ತಿತ್ತು."

"ಮೂವತ್ತು ವರ್ಷದಿಂದ ಎಲ್ಲರೂ ಮಾಡ್ಕೊಂಡು ಬಂದಿದ್ದಾರೆ."

"ಅದರಲ್ಲಿ ಹದಿನೇಳು ವರ್ಷ ನಾನೂ ಸೇರಿದ್ದೀನಿ. ಆ ತಪ್ಪಿಗೆ ಬೈಸ್ಕೋತೀನಿ, ಬೈರಿ. ಮಾಡದ ಕೆಲಸಕ್ಕೆ ಮಾತ್ರ ಸಹಿ ಹಾಕಲ್ಲ."

ಅವಳು ಪೆನ್ನು ತೆಗೆದು 'ಪಳಗಿಸಿದೆ' ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದು ಹಾಕಿ, ಪಕ್ಕದಲ್ಲಿ ಬರೆದಳು: 'ಪಳಗಿಸಿಲ್ಲ. ಹಾರಿಸಿದ್ದು ಹನ್ನೆರಡು ಗುಂಡು. ಒರೆಸಿದ್ದು ಕೊನೆಗೆ ಒಂದು ಸಲ, ನೈಲಾನ್ ತುದಿಯಿಂದ.' ಕೆಳಗೆ ಪೂರ್ತಿ ಹೆಸರಿನ ಸಹಿ. ಕಾರ್ಡನ್ನು ಭಾವನ ಕಡೆ ತಿರುಗಿಸಿಟ್ಟಳು.

"ಕೀಲಿ ಬೇಕಿದ್ರೆ ಕಾಗದದಲ್ಲಿ ಕೇಳಿ. ಯಾಕೆ ಅಂತ ಕಾರಣಾನೂ ಬರೀರಿ."

ಭಾವ ಕ್ಲಬ್ಬಿನ ಹಾಳೆಯೊಂದನ್ನು ಎಳೆದುಕೊಂಡು ತಾರೀಖು ಹಾಕಿದರು. ಅದರ ಕೆಳಗೆ 'ಕಾರಣ' ಎಂದು ಬರೆದರು. ಪೆನ್ನಿನ ಮೊನೆ ಅಲ್ಲೇ ನಿಂತಿತು.

"ಏನಂತ ಬರೀತೀರಿ?" ಡಾಕ್ಟರು ಮೆಲ್ಲಗೆ ಕೇಳಿದರು.

ಹೊರಗೆ ನರ್ಸ್ ಕಾಯುತ್ತಿದ್ದಳು. ಗೇಜಕ್ಕ ಎದ್ದು ಹೋಗಿ ರೈಫಲ್ ತೆಗೆದುಕೊಟ್ಟು, ಬಾಗಿಲು ಹಾಕಿ, ಕೀಲಿಯನ್ನು ಸೊಂಟಕ್ಕೇ ಸಿಕ್ಕಿಸಿಕೊಂಡು ಮನೆಗೆ ನಡೆದಳು.

ಸ್ಪರ್ಧೆಯಲ್ಲಿ ನರ್ಸ್ ಆರನೇ ಸ್ಥಾನಕ್ಕೆ ಬಂದಳು. "ನೋಡಿದ್ಯಾ, ಪಳಗಿಸಿದ್ರೆ ಮೊದಲನೇ ಸ್ಥಾನ ಬರ್ತಿತ್ತು" ಎಂದು ಭಾವ. "ನೋಡಿದ್ರಾ, ಪಳಗಿಸದೇ ಆರನೇ ಸ್ಥಾನ" ಎಂದು ಟೈಲರ್. ಎರಡೂ ಸಾಕ್ಷಿಯಲ್ಲ ಎಂದು ಗೇಜಕ್ಕ ಇಬ್ಬರ ಬಾಯಿಯನ್ನೂ ಮುಚ್ಚಿಸಿದಳು. ಕಾರಣ ಬರೆದ ಕಾಗದ ಇವತ್ತಿನವರೆಗೂ ಅವಳ ಕೈಗೆ ಬಂದಿಲ್ಲ. ಅದಾದ ಮೇಲೆ ನಾಲ್ಕು ಹೊಸ ನಳಿಗೆಗಳು ಬಂದವು. ನಾಲ್ಕರ ಕಾರ್ಡಿನಲ್ಲೂ ಅವಳು ಅದೇ ಗೆರೆ ಎಳೆದು, ಮಾಡಿದ್ದನ್ನು ಮಾತ್ರ ಬರೆದು, ಸಹಿ ಹಾಕಿ, ಭಾವನ ಮೇಜಿನ ಮೇಲೇ ಇಟ್ಟು ಬಂದಿದ್ದಾಳೆ.