ಹತ್ತು ಎಣಿಸುವಷ್ಟರಲ್ಲಿ

ನಮ್ಮತ್ತೆಯ ಬಲಗೈ ತೋರುಬೆರಳು ತುದಿಯ ಗೆಣ್ಣಿನಲ್ಲಿ ಸೊಟ್ಟಗಾಗಿತ್ತು. ಸೊಪ್ಪಿನ ಮೂಟೆ ಹೊತ್ತು ಬೆಳಗಿನ ಮೊದಲ ಬಸ್ಸಿಗೆ ಮಾರ್ಕೆಟ್ಟಿಗೆ ಹೋಗುತ್ತಿದ್ದ ಕಾಲದಲ್ಲಿ ಬಸ್ಸಿನ ಬಾಗಿಲಿಗೆ ಸಿಕ್ಕಿ ಮುರಿದದ್ದಂತೆ. ಆವತ್ತು ಸೊಪ್ಪೆಲ್ಲ ಮಾರಿದ ಮೇಲೆಯೇ ಬೆರಳಿಗೆ ಪಟ್ಟಿ ಹಾಕಿಸಿಕೊಂಡರಂತೆ. ಅಷ್ಟರಲ್ಲಿ ಅದು ತನಗೆ ಬೇಕಾದ ಹಾಗೆ ಕೂತುಬಿಟ್ಟಿತ್ತು. ಆ ಬೆರಳಿನಲ್ಲೇ ಅವರು ಸಾರಿನ ಉಪ್ಪು ನೋಡುತ್ತಿದ್ದರು, ಬಾಡಿಗೆ ಮನೆಗಳ ಮಕ್ಕಳನ್ನು ಗದರಿಸುತ್ತಿದ್ದರು. ದಿನಾ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎರಡೇ ಎರಡು ಕೀಲಿ ಒತ್ತುತ್ತಿದ್ದದ್ದೂ ಅದೇ ಬೆರಳಿನಲ್ಲಿ.

ನಾನು ಪಿಯುಸಿ ಮುಗಿಸಿ ಅರೆಕೆರೆಯ ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಸೊಪ್ಪಿನ ಮಡಿಗಳಿದ್ದ ಜಾಗದಲ್ಲಿ ಲೇಔಟ್ ಆಗಿತ್ತು. ನಮ್ಮದೂ ನಾಲ್ಕು ಬಾಡಿಗೆ ಮನೆಗಳು ಎದ್ದಿದ್ದವು. ಓನರ್ ಮನೆಯವರು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವುದು ಚೆನ್ನಾಗಿರುವುದಿಲ್ಲ ಎಂದು ಗಂಡಸರೆಲ್ಲ ಸೇರಿ ಹೇಳಿದ್ದರಿಂದ ಅತ್ತೆ ಬಸ್ಸು ಹತ್ತುವುದನ್ನು ಬಿಟ್ಟಿದ್ದರು. ಹೆಗಲಿನ ಟವೆಲನ್ನು ಮಾತ್ರ ಬಿಟ್ಟಿರಲಿಲ್ಲ. ತುಂಬಿದ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ಇಡೀ ಊರಲ್ಲಿ ತನ್ನನ್ನು ಮೀರಿಸಿದವರಿರಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು.

ಕಂಪ್ಯೂಟರ್ ಬಂದದ್ದು ಮೈದುನನ ಓದಿಗೆ. ಎರಡು ಸಾವಿರದ ದಶಕದ ನಡುವಿನ ಮಾತು. ಅದು ಆಗಲೇ ಯಾರೋ ಬಳಸಿದ್ದ ಹಳೆಯ ಮೆಷಿನ್. ನಾನು ಜಯನಗರದಲ್ಲಿ ಹೆಂಗಸರಿಗೆಂದೇ ನಡೆಯುತ್ತಿದ್ದ ಶನಿವಾರದ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಅಲ್ಲಿ ಪಾಠ ಮಾಡುತ್ತಿದ್ದ ಸಾರ್ ಶಾಲೆಗಳಿಗೆ ಕನ್ನಡ ಪಾಠದ ಸೀಡಿ ಮಾಡಿಕೊಡುವ ಒಂದು ಸಣ್ಣ ಆಫೀಸು ನಡೆಸುತ್ತಿದ್ದರು. ಪಾಠಗಳನ್ನು ಮನೆಯಲ್ಲೇ ಟೈಪ್ ಮಾಡಿ ಹೇಳಿದ ದಿನಕ್ಕೆ ಮುಗಿಸಿಕೊಟ್ಟರೆ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ ಎಂದಿದ್ದರು. ನಮ್ಮ ಹಳೆಯ ವಿಂಡೋಸ್‌ನಲ್ಲಿ ಅವರಿಗೆ ಬೇಕಾದ ರೀತಿಯ ಕನ್ನಡ ಬರುತ್ತಿರಲಿಲ್ಲ. ಅದಕ್ಕೆ ಅವರೇ ಮನೆಗೆ ಬಂದು, ವಿಂಡೋಸ್ ಇದ್ದ ಹಾಗೆಯೇ ಇಟ್ಟು, ಅದೇ ಮೆಷಿನ್ನಿನ ಇನ್ನೊಂದು ಭಾಗದಲ್ಲಿ ನನಗಾಗಿ ವಿಂಡೋಸ್‌ನಂಥದೇ ಆದರೆ ಕನ್ನಡ ಸರಿಯಾಗಿ ಬರುವ ಲಿನಕ್ಸ್ ಹಾಕಿಕೊಟ್ಟರು.

ಆಮೇಲೆ ಸ್ವಿಚ್ ಹಾಕಿದರೆ ಮೊದಲು ಒಂದು ಕಪ್ಪು ಪರದೆ ಬರುತ್ತಿತ್ತು. ಅದರಲ್ಲಿ ಎರಡು ಸಾಲು. ಮೇಲಿನದು ವಿಂಡೋಸ್, ಕೆಳಗಿನದು ನನ್ನದು. ಮೂಲೆಯಲ್ಲಿ ಹತ್ತು, ಒಂಬತ್ತು, ಎಂಟು ಎಂದು ಅಂಕಿ ಇಳಿಯುತ್ತಿತ್ತು. ಅಷ್ಟರೊಳಗೆ ಕೆಳಗಿನ ಬಾಣ ಒತ್ತಿ ಎಂಟರ್ ಹೊಡೆದರೆ ನನ್ನದು. ಸುಮ್ಮನಿದ್ದರೆ ತಾನಾಗಿ ವಿಂಡೋಸ್. ನಮ್ಮ ಯಜಮಾನರು ಹಾಗೇ ಇರಲಿ ಎಂದು ಹೇಳಿ ಮಾಡಿಸಿದ್ದರು.

ಒಂದರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಪೂರ್ತಿ ಆರಿಸಿ ಮತ್ತೆ ಹಚ್ಚಬೇಕು. ಆ ಮೆಷಿನ್ ಏಳುವಷ್ಟರಲ್ಲಿ ಒಂದು ಕಾಫಿ ಕುಡಿದು ಮುಗಿಸಬಹುದಿತ್ತು. ಮೈದುನನ ಕಾಲೇಜು ಮಧ್ಯಾಹ್ನ. ಬೆಳಿಗ್ಗೆ ಎದ್ದವನೇ ವಿಂಡೋಸ್ ಹಚ್ಚಿಕೊಂಡು ಆಟಕ್ಕೆ ಕೂತರೆ ಊಟದವರೆಗೆ ಏಳುತ್ತಿರಲಿಲ್ಲ. ಅವನು ಹೊರಟ ಮೇಲೆ ಮನೆಗೆಲಸದಲ್ಲಿ ನನಗೆ ಬಿಡುವಿರುತ್ತಿರಲಿಲ್ಲ. ನಾನು ಅಡುಗೆ ಮುಗಿಸಿ ಬಂದು ಬಾಗಿಲಲ್ಲಿ ನಿಂತು ವಾಪಸ್ ಹೋಗುತ್ತಿದ್ದೆ. ಕೇಳುವ ಅಭ್ಯಾಸ ನನಗಿರಲಿಲ್ಲ.

ಅತ್ತೆ ಇದನ್ನು ಒಂದು ವಾರ ನೋಡಿದರು. ಆಮೇಲೆ ಒಂದು ದಿನ ಯಾವ ಕೀಲಿ ಒತ್ತಬೇಕು ಎಂದು ಕೇಳಿ ತಿಳಿದುಕೊಂಡರು. ಮಾರನೆಯ ಬೆಳಿಗ್ಗೆ ಮೈದುನ ಹಲ್ಲುಜ್ಜುತ್ತಿರುವಾಗ, ದೇವರಿಗೆ ದೀಪ ಹಚ್ಚಿ ನೇರ ಹೋಗಿ ಸ್ವಿಚ್ ಹಾಕಿದರು. ಇಂಗ್ಲಿಷ್ ಅವರಿಗೆ ಓದಲು ಬರುತ್ತಿರಲಿಲ್ಲ. ಕೆಳಗಿನ ಸಾಲು ಸೊಸೆಯದು ಎಂಬುದಷ್ಟೇ ಗೊತ್ತು. ಸೊಟ್ಟ ಬೆರಳಿನಲ್ಲಿ ಬಾಣ ಒತ್ತಿದರು, ಎಂಟರ್ ಹೊಡೆದರು, ಕುರ್ಚಿಯ ಮೇಲೆ ಟವೆಲ್ ಹಾಕಿ ಎದ್ದುಬಂದರು.

ಮೈದುನ ಬಂದು ನೋಡಿ, ನಿಂಗೇನಮ್ಮ ಗೊತ್ತು ಕಂಪ್ಯೂಟರ್ ಬಗ್ಗೆ ಎಂದು ರೇಗಿದ.

"ಹತ್ತು ಎಣಿಸೋಕ್ ಬತ್ತದೆ, ಸಾಕು" ಎಂದರು ಅತ್ತೆ.

ಆರಿಸಿ ಮತ್ತೆ ಹಚ್ಚುವಷ್ಟು ಸಹನೆ ಅವನಿಗಿರಲಿಲ್ಲ. ಅವನ ಸೋಮಾರಿತನ ಅವನು ಹುಟ್ಟಿದಾಗಿನಿಂದ ಅತ್ತೆಗೆ ಗೊತ್ತಿತ್ತು. ಏಳೆಂಟು ತಿಂಗಳು ಇದೇ ನಡೆಯಿತು. ನಾನು ಒಂಬತ್ತಕ್ಕೆ ಒದ್ದೆ ಕೈ ಒರೆಸಿಕೊಂಡು ಬಂದು ಟವೆಲ್ ಎತ್ತಿ ಕೂರುತ್ತಿದ್ದೆ. ನಾನು ಟೈಪ್ ಮಾಡುವಾಗ ಅತ್ತೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಪರದೆಯ ಮೇಲಿನ ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ಪಾಠದ ಕಥೆ ಹಿಡಿಸದಿದ್ದರೆ ಅದನ್ನೂ ಹೇಳುತ್ತಿದ್ದರು. ಒಂದು ಪಾಠದಲ್ಲಿ ತಾಯಿ ಮಗನಿಗೆ ಬಡಿಸಿ ಉಳಿದದ್ದನ್ನು ತಾನು ಉಂಡಳು ಎಂದಿತ್ತು. ಇದನ್ನ ಮಕ್ಕಳಿಗೆ ಯಾಕೆ ಕಲಿಸ್ತಾರೆ ಎಂದು ಅತ್ತೆ ಅವರೆಕಾಯಿಯ ಸಿಪ್ಪೆಯನ್ನು ಮೊರಕ್ಕೆ ಎಸೆದರು.

ಪಾಠಗಳನ್ನು ಒಪ್ಪಿಸುವ ದಿನ ಬಂತು. ಸೋಮವಾರ ಕೊಡಬೇಕು. ಶನಿವಾರ ನಾನು ತಂಗಿಯ ಮಗುವಿನ ನಾಮಕರಣಕ್ಕೆ ಹೋಗಿದ್ದೆ. ಆಟದ ಸೀಡಿಯಿಂದ ವೈರಸ್ ಬಂತೆಂದು ಮೈದುನ ಅಂದೇ ವಿಂಡೋಸನ್ನು ಹೊಸದಾಗಿ ಹಾಕಿದ. ಭಾನುವಾರ ಬೆಳಿಗ್ಗೆ ಅತ್ತೆ ಸ್ವಿಚ್ ಹಾಕಿದರೆ ಕಪ್ಪು ಪರದೆಯೇ ಇಲ್ಲ. ಎರಡು ಸಾಲೂ ಇಲ್ಲ. ಸೀದಾ ವಿಂಡೋಸ್ ಬಂದು ಕೂತಿತು. ಅವರು ಬಾಣ ಒತ್ತುತ್ತಲೇ ಇದ್ದರು.

"ಅತ್ತಿಗೆ, ನಿಮ್ದು ಹೋಯ್ತು ಅನ್ಸುತ್ತೆ" ಎಂದ ಮೈದುನ. ಬೇಕೆಂದು ಮಾಡಿರಲಿಲ್ಲ ಎಂದು ನನಗೆ ಈಗಲೂ ನಂಬಿಕೆ ಇದೆ. ಹೋದರೆ ಹೋಯಿತು ಬಿಡು, ನಿನಗೇನು ಕಮ್ಮಿಯಾಗಿದೆ ಎಂದರು ನಮ್ಮ ಯಜಮಾನರು. ನಾನು ಅಡುಗೆಮನೆಗೆ ಹೋಗಿ ಹಿಟ್ಟು ಕಲಸತೊಡಗಿದೆ. ಅಳು ಬರಲಿಲ್ಲ. ಹಿಟ್ಟಿಗೆ ನೀರು ಜಾಸ್ತಿಯಾಯಿತು.

ಅತ್ತೆ ಹಿಂದೆಯೇ ಬಂದರು. "ಬಸ್ಸು ಎಲ್ಲೂ ಹೋಗಿರಕ್ಕಿಲ್ಲ ಕಣವ್ವ. ಬೋರ್ಡ್ ಕಿತ್ತಾಕವ್ನೆ ಅಷ್ಟೆ. ಕೈ ತೊಳ್ಕೊ, ಏಳು."

ನಾನು ಬೇಡ ಬಿಡಿ ಎಂದೆ. ಅದಕ್ಕೆ ಅವರು ಅಂದದ್ದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

"ಎದ್ದು ಸೀಟ್ ಬಿಡು ಅಂದ್ರು, ನಾನು ಬಿಟ್ಟೆ. ಮಾರ್ಕೆಟ್ಟೂ ಹೋಯ್ತು, ನನ್ ಕಾಲಾನೂ ಹೋಯ್ತು. ನಿಂದನ್ನ ಬಿಡಾಕಿಲ್ಲ."

ಮಾನಿಟರನ್ನು ಬಿಟ್ಟು ಕಂಪ್ಯೂಟರಿನ ಪೆಟ್ಟಿಗೆಯನ್ನಷ್ಟೇ ಬಿಚ್ಚಿ ತಮ್ಮ ಹಳೆಯ ಸೀರೆಯಲ್ಲಿ ಮೂಟೆ ಕಟ್ಟಿದರು. ಗಂಡಸರು ನೋಡುತ್ತಾ ನಿಂತರು. ನಾವಿಬ್ಬರೂ ಸಾರ್ ಮನೆಗೆಂದು ಹೊರಟೆವು. ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸು ಬಂತು. ಎಷ್ಟೋ ವರ್ಷಗಳ ಮೇಲೆ ಅತ್ತೆ ಕಿಟಕಿಯೊಳಗೆ ಟವೆಲ್ ಎಸೆದರು, ಸೀಟು ಸಿಕ್ಕಿತು. ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಇದೇನಜ್ಜಿ, ಲಗೇಜ್ ಆಗುತ್ತೆ ಎಂದ ಕಂಡಕ್ಟರ್.

"ತೊಡೆ ಮ್ಯಾಲೆ ಕೂತಿರೋ ಕೂಸ್ಗೆ ಟಿಕೆಟ್ ಕೇಳ್ತೀಯೇನಪ್ಪ?"

ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರ್ ತಲೆ ಅಲ್ಲಾಡಿಸಿ ಮುಂದೆ ಹೋದ.

ಜಯನಗರದ ಮನೆಯಲ್ಲಿ ಸಾರ್ ತಿಂಡಿ ಬಿಟ್ಟು ಎದ್ದು ಬಂದರು. ಪೆಟ್ಟಿಗೆಯನ್ನು ತಮ್ಮ ಪರದೆಗೆ ಜೋಡಿಸಿ, ಒಂದು ಸೀಡಿ ಹಾಕಿ, ನಾಲ್ಕೈದು ಸಾಲು ಟೈಪ್ ಮಾಡಿದರು. ವಿಂಡೋಸ್ ಹೊಸದಾಗಿ ಹಾಕುವಾಗ ಆರಿಸಿಕೊಳ್ಳುವ ಪಟ್ಟಿಯನ್ನು ಮಾತ್ರ ಅಳಿಸಿದೆ, ನಿಮ್ಮ ಭಾಗವನ್ನು ಮುಟ್ಟಿಯೇ ಇಲ್ಲ ಎಂದರು. ನನ್ನ ಪಾಠಗಳೆಲ್ಲ ಇದ್ದ ಜಾಗದಲ್ಲೇ ಇದ್ದವು. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಇದು ತಮಗೆ ಮೊದಲೇ ಗೊತ್ತಿತ್ತು ಎಂಬಂತೆ ಕೂತಿದ್ದರು.

ಪಟ್ಟಿಯನ್ನು ಮೊದಲಿನ ಹಾಗೆಯೇ ಇಡಲೇ ಎಂದು ಸಾರ್ ನನ್ನನ್ನು ಕೇಳಿದರು. ನಾನು ಹೂಂ ಅನ್ನುವಷ್ಟರಲ್ಲಿ ಅತ್ತೆ ಬಾಯಿ ಹಾಕಿದರು.

"ಬ್ಯಾಡ. ಸೊಸೆದು ಮ್ಯಾಲೆ ಹಾಕಪ್ಪ. ಯಾರೂ ಏನೂ ಒತ್ತದಿದ್ರೆ ಅವಳ್ದೇ ಬರ್ಲಿ. ಬೇಕಾದೋರು ಬಾಣ ಒತ್ಕೊಳ್ಳಿ."

ಸಾರ್ ಹಾಗೆಯೇ ಮಾಡಿದರು. ಸೋಮವಾರ ಪಾಠಗಳನ್ನು ಕೊಟ್ಟೆ. ಮುಂದಿನ ತಿಂಗಳು ಕೆಲಸಕ್ಕೆ ಸೇರಿದೆ. ಮನೆಯಲ್ಲಿ ಮೈದುನ ದಿನಾ ಬಾಣ ಒತ್ತುವುದನ್ನು ಮರೆಯುತ್ತಿದ್ದ, ದಿನಾ ಗೊಣಗುತ್ತಿದ್ದ.

"ನಾನೂ ಒತ್ತಿದ್ದೀನಿ, ಬೆರಳೇನ್ ಬಿದ್ದೋಗಿಲ್ಲ" ಎಂದು ಅತ್ತೆ ಸೊಟ್ಟ ಬೆರಳನ್ನು ಎತ್ತಿ ತೋರಿಸುತ್ತಿದ್ದರು.

ನಾಲ್ಕು ವರ್ಷಗಳ ಮೇಲೆ ಅವರು ಹಾಸಿಗೆ ಹಿಡಿದರು. ಹೆಚ್ಚು ದಿನ ಮಲಗಲಿಲ್ಲ. ಕೊನೆಯ ವಾರ ಮಾತು ನಿಂತಿತ್ತು. ನಾನು ರಜೆ ಹಾಕಿ ಪಕ್ಕದಲ್ಲಿ ಕೂತರೆ ಕೈ ಎತ್ತಿ ಬಾಗಿಲ ಕಡೆ ತೋರಿಸುತ್ತಿದ್ದರು, ಬಸ್ಸಿಗೆ ಹೊತ್ತಾಯಿತು ಎಂದು. ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಅವರ ಕಾಲಿನ ಹೆಬ್ಬೆರಳುಗಳನ್ನು ಕಟ್ಟಿದ್ದರು.

ತಿಥಿಯ ದಿನ ಊಟವಾದ ಮೇಲೆ ದೊಡ್ಡವರೆಲ್ಲ ಹಜಾರದಲ್ಲಿ ಸೇರಿದರು. ಇನ್ನು ಮನೆ ನೋಡಿಕೊಳ್ಳುವವರು ಯಾರು, ಅವಳು ಕೆಲಸ ಬಿಡಲಿ ಎಂದು ಚಿಕ್ಕಮಾವ ಹೇಳಿದರು. ಎಲ್ಲರೂ ತಲೆಯಾಡಿಸಿದರು. ನಾನು ಎದ್ದು ಒಳಗೆ ಹೋದೆ. ಎಲೆ ಎತ್ತುವುದು ಬಾಕಿ ಇತ್ತು.

ಮಾರನೆಯ ಬೆಳಿಗ್ಗೆ ಏಳಕ್ಕೆ ದೇವರಿಗೆ ದೀಪ ಹಚ್ಚಿ, ಅತ್ತೆಯ ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಸ್ವಿಚ್ ಹಾಕಿದೆ. ಕಪ್ಪು ಪರದೆ ಬಂತು. ಹತ್ತು, ಒಂಬತ್ತು. ಮೈದುನ ನನ್ನ ಹಿಂದೆ ಬಂದು ನಿಂತಿದ್ದ. ಬಾಗಿಲಲ್ಲಿ ನಮ್ಮ ಯಜಮಾನರು.

"ನಾನು ಕೆಲಸ ಬಿಡಲ್ಲ" ಎಂದೆ ಪರದೆಯನ್ನೇ ನೋಡುತ್ತಾ. "ನಿಮ್ದು ಬೇಕಿದ್ರೆ ಬಾಣ ಒತ್ಕೊಳ್ಳಿ. ಇನ್ನೂ ಟೈಮಿದೆ."

ಆರು. ಐದು. ಮೈದುನನ ಕೈ ನನ್ನ ಭುಜದ ಪಕ್ಕದವರೆಗೆ ಬಂತು, ಟವೆಲನ್ನು ಕಂಡು ನಿಂತಿತು. ಎರಡು. ಒಂದು. ಯಾರೂ ಏನೂ ಒತ್ತಲಿಲ್ಲ. ನನ್ನದು ಬಂತು.

ಒಂಬತ್ತೂಕಾಲರ ಬಸ್ಸು ತುಂಬಿತ್ತು. ಕಿಟಕಿಯಿಂದ ಟವೆಲ್ ಎಸೆದೆ.