ಭಾನುವಾರದ ಬಿಸಿಲು

ಮಹಡಿ ಮನೆಯ ಅಕ್ಕ ಕೋಳಿಮರಿ ಮಾಡಿಸುತ್ತಿದ್ದಾರೆ ಎಂದೇ ನಾನು ಬಹಳ ದಿನ ನಂಬಿದ್ದೆ. ನಂಬದೆ ಏನು ಮಾಡಲಿ? ಅವರ ಹಿಂದಿನ ಕೋಣೆಯ ಬಾಗಿಲು ಸದಾ ಮುಚ್ಚಿರುತ್ತಿತ್ತು. ಒಳಗಿನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು, ಕಿಟಕಿಗೆ ಕೂರಿಸಿದ್ದ ಫ್ಯಾನು ಓಣಿಗೆಲ್ಲ ಬಿಸಿಗಾಳಿ ಊದುತ್ತಿತ್ತು. ಅಕ್ಕ ಗಳಿಗೆಗೊಮ್ಮೆ ಹೋಗಿ, ಬಾಗಿಲನ್ನು ಒಂದು ಗೇಣು ತೆರೆದು, ಮಲಗಿದ ಮಗುವನ್ನು ನೋಡುವವರ ಹಾಗೆ ನೋಡಿ ಬರುತ್ತಿದ್ದರು. ಮೊಟ್ಟೆಗೆ ಕಾವು ಕೊಡುವ ಮೆಷಿನ್ನೇ ಸರಿ ಎಂದುಕೊಂಡ ನಾನು, ಒಮ್ಮೆ ಮೆಟ್ಟಿಲ ಮೇಲೆ ಎದುರಾದಾಗ, ಮರಿಯಾದ ಮೇಲೆ ನಮ್ಮ ಕೆಳಮನೆಗೂ ನಾಲ್ಕು ಇರಲಿ ಎಂದುಬಿಟ್ಟೆ.

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೇಲೆ ಕರೆದುಕೊಂಡು ಹೋಗಿ ಬಾಗಿಲು ತೆರೆದರು. ಕಬ್ಬಿಣದ ಕಪಾಟಿನ ಉದ್ದಕ್ಕೂ ಯಂತ್ರಗಳು, ಮಿಣಮಿಣ ಹಸಿರು ದೀಪಗಳು. ಇವು ಹಗಲೂ ರಾತ್ರಿ ಲೆಕ್ಕ ಮಾಡಿ, ಕೈಗೂ ಕಣ್ಣಿಗೂ ಸಿಗದ ಒಂದು ಬಗೆಯ ನಾಣ್ಯ ಗಳಿಸುತ್ತವಂತೆ. ಕ್ರಿಪ್ಟೊ ಮೈನಿಂಗ್.

“ಇವು ಮೊಟ್ಟೆ ಇಡಲ್ಲ, ಕರೆಂಟ್ ತಿಂತವೆ,” ಎಂದು ಅಕ್ಕ ಬಾಗಿಲು ಹಾಕಿದರು.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದವರು. ಮದುವೆಗೆ ಮುಂಚಿನಿಂದಲೂ ಆ ದೊಡ್ಡ ಕೊಠಡಿಯ ಯಂತ್ರಗಳ ಗುಂಗಿನಲ್ಲೇ ಬೆಳೆದ ಕಿವಿ ಅವರದು. ಎಕ್ಸ್‌ಚೇಂಜ್ ಮುಚ್ಚಿ ಮನೆಗೆ ಬಂದಾಗ ಎಲ್ಲರೂ ಆರಾಮ ಮಾಡಿ ಎಂದರು. ಆರಾಮ ಮಾಡಲು ಕೂತರೆ ಮನೆ ಬಿಕೋ ಎನ್ನುತ್ತಿತ್ತು. ಮೈನಿಂಗ್ ಸಾಕಪ್ಪಾ ಸಾಕು ಎಂದು ಕೈಚೆಲ್ಲಿದ್ದ ಯಾರಿಂದಲೋ ಹಳೇ ಯಂತ್ರಗಳನ್ನು ಕೊಂಡುತಂದರು. ಫೋನಿನಲ್ಲಿ ವಿಡಿಯೋ ನೋಡಿ ಕಲಿತರು. ನಾಣ್ಯ ಬಂದಷ್ಟು ಬಂತು, ಬರದಿದ್ದರೆ ಇಲ್ಲ. ಆದರೆ ಆ ಸದ್ದು ಬಂದ ಮೇಲೆ ಅಕ್ಕನಿಗೆ ಮತ್ತೆ ಊಟ ರುಚಿಸಿತು.

ಕರೆಂಟ್ ಬಿಲ್ಲು ನೋಡಿ ಊಟ ರುಚಿಸದೇ ಹೋದದ್ದು ಅವರ ಯಜಮಾನರಿಗೆ. ಭಾವನದು ಲಾಂಡ್ರಿ. ಲಾಡ್ಜುಗಳ ಹಾಸಿಗೆ ಬಟ್ಟೆಯನ್ನು ಕೆಳಗಿನ ಶೆಡ್ಡಿನಲ್ಲಿ ಒಗೆದು ಟೆರೇಸಿನಲ್ಲಿ ಒಣಹಾಕುತ್ತಾರೆ. ಮೋಡದ ದಿನಕ್ಕೆಂದು ಕರೆಂಟಿನ ಡ್ರೈಯರ್ ಒಂದಿದೆ. ಟೆರೇಸ್ ಅವರ ಸಾಮ್ರಾಜ್ಯ. ಅಲ್ಲಿಯ ಹಗ್ಗವನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ಆ ಸಲದ ಬಿಲ್ಲನ್ನು ಅವರು ಅಕ್ಕನ ತಟ್ಟೆಯ ಪಕ್ಕ ಇಟ್ಟು, ಮುಂದಿನ ಬಿಲ್ಲು ಇಳಿಯದಿದ್ದರೆ ಆ ಕೋಣೆಯ ಸಾಮಾನೆಲ್ಲ ಗುಜರಿಗೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಅಕ್ಕ ಹೋಗಿ ಯಂತ್ರಗಳ ನಡುವೆ ಸ್ವಲ್ಪ ಹೊತ್ತು ನಿಂತು ಬಂದರು. ಬಂದು ತಮ್ಮನಿಗೆ ಫೋನ್ ಮಾಡಿದರು.

ಅದೊಂದು ಮಾಡಬಾರದಿತ್ತು. ತಮ್ಮ ಯಾವುದೋ ಕಾರ್ಖಾನೆಯ ಸ್ಟೋರ್ ನೋಡಿಕೊಂಡಿದ್ದವರು. ಈಗ ಅವರ ಕಾರ್ಡಿನ ಮೇಲೆ ‘ಇಂಧನ ಸಲಹೆಗಾರ’ ಎಂದು ಅಚ್ಚಾಗಿದೆ. ಯಾರೂ ಸಲಹೆ ಕೇಳಿರಲಿಲ್ಲವಾದ್ದರಿಂದ ಎಲ್ಲ ಸಲಹೆಯೂ ಒಳಗೇ ಮಡುಗಟ್ಟಿತ್ತು. ಸಂಜೆ ಬಟ್ಟೆ ತೆಗೆದ ಮೇಲೆ ಟೆರೇಸಿನಲ್ಲಿ ಕುರ್ಚಿ ಹಾಕಿ ಸಭೆ ಶುರುವಾಯಿತು. ಸಲಹೆಗಾರರು, ಭಾವ, ಬೀದಿ ತುದಿಯ ಎಲೆಕ್ಟ್ರಿಷಿಯನ್; ಕುರ್ಚಿ ಒಂದು ಹೆಚ್ಚಿದ್ದುದರಿಂದ ನಾನು.

ಮೊದಲು ಬಂದದ್ದು ಡೀಸೆಲ್ ಜನರೇಟರ್. ಉಳಿಸುವ ಕರೆಂಟಿಗಿಂತ ಕುಡಿಯುವ ಡೀಸೆಲ್ಲೇ ಜಾಸ್ತಿ ಎಂದು ಎಲೆಕ್ಟ್ರಿಷಿಯನ್ ಅದನ್ನು ಅಲ್ಲೇ ಮಲಗಿಸಿದ. ಆಮೇಲೆ ಗಾಳಿಚಕ್ರ. ಸಲಹೆಗಾರರು ಬೆರಳು ಒದ್ದೆ ಮಾಡಿ ಆಕಾಶಕ್ಕೆ ಎತ್ತಿ, ಗಾಳಿ ಬೇಕಾದಷ್ಟಿದೆ ಎಂದು ಪ್ರಮಾಣಪತ್ರ ಕೊಟ್ಟರು. ಭಾವನಿಗೆ ತಡೆಯಲಾಗಲಿಲ್ಲ.

“ಡಬಲ್ ಶೀಟು ಹಾರಿ ನಿನ್ನ ಚಕ್ರಕ್ಕೆ ಸುತ್ಕೊಂಡ್ರೆ ಲಾಡ್ಜಿನವನಿಗೆ ಏನಂತ ಹೇಳ್ಲಿ? ಕರೆಂಟ್ ಮಾಡೋಕೆ ಹೋಗಿದೆ ಅಂತನಾ?”

ಉಳಿದದ್ದು ಸೋಲಾರ್. ಬಿಸಿಲಿದ್ದಾಗ ಅದರ ಕರೆಂಟು, ಇಲ್ಲದಾಗ ಯಂತ್ರ ಬಂದ್. ಆದರೆ ಅದಕ್ಕೆ ಬೇಕಾದ ಬಿಸಿಲೂ ಬಟ್ಟೆಗೆ ಬೇಕಾದ ಬಿಸಿಲೂ ಒಂದೇ ಟೆರೇಸಿನದು. ಗಂಡಹೆಂಡಿರ ನಡುವೆ ಆಸ್ತಿ ಪಾಲಿನಷ್ಟೇ ಬಿಗುವಾಗಿ ಮಾತುಕತೆ ನಡೆದು, ಕಡೆಗೆ ಭಾವ ಹಲ್ಲು ಕಚ್ಚಿಕೊಂಡು ಅರ್ಧ ಟೆರೇಸ್ ಬಿಟ್ಟುಕೊಟ್ಟರು. ಎಲೆಕ್ಟ್ರಿಷಿಯನ್ ಎಲ್ಲಿಂದಲೋ ಬಿಚ್ಚಿ ತಂದ ಪ್ಯಾನೆಲ್‌ಗಳನ್ನು ಪರೀಕ್ಷೆಗೆಂದು ಕೂರಿಸಿದ.

ಪರೀಕ್ಷೆಯ ಫಲ ವಿಚಿತ್ರವಾಗಿತ್ತು. ಭಾನುವಾರ ಭರ್ತಿ ಕರೆಂಟು. ಸೋಮವಾರದಿಂದ ಶನಿವಾರದವರೆಗೆ ತೀರ್ಥ ಕೊಟ್ಟ ಹಾಗೆ. ವಾರ ಬದಲಾದರೂ ಇದೇ ಕಥೆ. ಸಲಹೆಗಾರರು ಗ್ರಾಫ್ ಬರೆದರು, ಸಂಜೆ ಹೊತ್ತು ಬಂದು ಪ್ಯಾನೆಲ್‌ಗಳನ್ನು ಶಾಂಪೂ ಹಾಕಿ ತೊಳೆದರು, ಕೊನೆಗೆ ಸಿದ್ಧಾಂತವನ್ನೇ ಮಂಡಿಸಿದರು: ವಾರದ ದಿನಗಳಲ್ಲಿ ಊರಿನ ಕಾರ್ಖಾನೆ, ವಾಹನಗಳ ಹೊಗೆ ಬಿಸಿಲಿನ ಸತ್ವ ಹೀರುತ್ತದೆ, ಭಾನುವಾರದ ಬಿಸಿಲಿನ ಗುಣಮಟ್ಟವೇ ಬೇರೆ. ನಾವೆಲ್ಲ ತಲೆದೂಗಿದೆವು. ಭಾವ ಎಲ್ಲರಿಗಿಂತ ಜೋರಾಗಿ ತಲೆದೂಗಿದರು. ಬಿಲ್ಲಿನ ದಿನ ಹತ್ತಿರ ಬರುತ್ತಿತ್ತು, ಅಕ್ಕ ಯಂತ್ರಗಳಿಗೆ ಹೊದಿಸಲು ಹಳೇ ಬಟ್ಟೆ ಹುಡುಕಿಡತೊಡಗಿದ್ದರು.

ಒಂದು ಬುಧವಾರ ಬೆಳಿಗ್ಗೆ, ಪಲ್ಯ ಒಲೆಯ ಮೇಲಿಟ್ಟು, ಪ್ಯಾನೆಲ್ ಹೇಗಿದೆ ನೋಡೋಣವೆಂದು ಅಕ್ಕ ಟೆರೇಸಿಗೆ ಹತ್ತಿದರು. ಟ್ಯಾಂಕಿಗೆ ನೀರು ಏರಿತೇ ನೋಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಉದ್ದಕ್ಕೆ ಸಾಲಾಗಿ ಡಬಲ್ ಶೀಟುಗಳು. ಅವುಗಳ ನೆರಳಿನಲ್ಲಿ ಪ್ಯಾನೆಲ್‌ಗಳು ತಂಪಾಗಿ ಮಲಗಿದ್ದವು. ಬಾಯಲ್ಲಿ ಕ್ಲಿಪ್ ಕಚ್ಚಿಕೊಂಡು ಭಾವ ಇನ್ನೊಂದನ್ನು ಹರಡುತ್ತಿದ್ದರು. ಭಾನುವಾರ ಲಾಡ್ಜಿನಿಂದ ಬಟ್ಟೆ ಬರುವುದಿಲ್ಲ.

“ರೀ, ಈ ಹಗ್ಗ ಯಾವಾಗ ಈ ಕಡೆ ಬಂತು?”

ಭಾವ ಕ್ಲಿಪ್ ತೆಗೆದರು. “ಬಿಸಿಲು ಇದ್ದ ಕಡೆ ಹಗ್ಗ ಬರುತ್ತೆ.”

“ಗೊತ್ತಿದ್ದೂ ಸುಮ್ನಿದ್ರಾ?”

“ನಿನ್ನ ತಮ್ಮ ಅಷ್ಟು ಚೆನ್ನಾಗಿ ವಿವರಿಸ್ತಿದ್ದ. ಮಧ್ಯೆ ಬಾಯಿ ಹಾಕೋಕೆ ಮನಸ್ಸು ಬರ್ಲಿಲ್ಲ.”

ಜಗಳವಾಗುತ್ತದೆ ಎಂದು ನಾನು ಟ್ಯಾಂಕಿನ ಹಿಂದೆ ಸರಿದೆ. ಆಗಲಿಲ್ಲ. ಕೆಳಗಿನ ಓಣಿಯಿಂದ, ಇನ್ನೂ ಮನೆಯ ಕರೆಂಟಿನಲ್ಲೇ ಓಡುತ್ತಿದ್ದ ಯಂತ್ರಗಳ ಬಿಸಿಗಾಳಿ ಏರಿ ಬರುತ್ತಿತ್ತು. ಅಕ್ಕ ಒಂದು ಕ್ಷಣ ಅಂಚಿನಲ್ಲಿ ನಿಂತು ಕೆಳಗೆ ನೋಡಿದರು. ಭಾವನ ಹೆಗಲಿನಿಂದ ಒದ್ದೆ ಶೀಟನ್ನು ಎಳೆದುಕೊಂಡು ಇಳಿದು ಹೋಗಿ, ಕೋಣೆಯ ಕಿಟಕಿಯ ಎದುರಿಗೆ ಓಣಿಯಲ್ಲಿ ಅದನ್ನು ಕಟ್ಟಿದರು. ವಾಸನೆ ಬರುತ್ತೆ, ಹಳದಿ ಆಗುತ್ತೆ ಎನ್ನುತ್ತ ಭಾವ ಹಿಂದೆಯೇ ಓಡಿದರು. ಅಡುಗೆ ಮುಗಿದು ಊಟದ ಹೊತ್ತಾಗುವಷ್ಟರಲ್ಲಿ ಅದರ ಅಂಚೂ ಒಣಗಿತ್ತು. ಭಾವ ಮೂಸಿದರು, ಕೆನ್ನೆಗೆ ಒತ್ತಿಕೊಂಡರು, ಬೆಳಕಿಗೆ ಹಿಡಿದರು.

“ಪರವಾಗಿಲ್ಲ,” ಎಂದರು. ಮದುವೆಯಾದ ಮೇಲೆ ಅವರ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ ಅದೇ ಎಂದು ಆಮೇಲೆ ಅಕ್ಕ ಹೇಳಿದರು.

ಈಗ ಟೆರೇಸ್ ಪೂರ್ತಿ ಪ್ಯಾನೆಲ್, ಓಣಿ ಪೂರ್ತಿ ಹಗ್ಗ. ಬಿಸಿಲಿದ್ದಷ್ಟು ಹೊತ್ತು ಯಂತ್ರಗಳು ಹಾಡುತ್ತವೆ, ಅವುಗಳ ಉಸಿರಿಗೆ ಬಟ್ಟೆ ಒಣಗುತ್ತದೆ. ಮೋಡ ಕವಿದರೂ ಬಟ್ಟೆಗೋಸ್ಕರ ಒಂದೆರಡನ್ನು ಓಡಿಸಿದರೆ ಸಾಕು. ಡ್ರೈಯರಿನ ಪ್ಲಗ್ ಕಿತ್ತಾಯಿತು. ಇಷ್ಟು ದಿನ ಹೊಟ್ಟೆಬಾಕ ಅದೂ ಹೌದಲ್ಲವೇ ಎಂದು ಎಲೆಕ್ಟ್ರಿಷಿಯನ್ ಕೇಳಿದಾಗ ಭಾವನಿಗೆ ಶೆಡ್ಡಿನಲ್ಲಿ ಏನೋ ಕೆಲಸ ನೆನಪಾಯಿತು. ಬಿಲ್ಲು ಬಂದ ದಿನ ಅವರು ಕನ್ನಡಕ ಹಾಕಿ ನೋಡಿದರು, ಒರೆಸಿ ಮತ್ತೆ ನೋಡಿದರು. ಗುಜರಿಯ ಮಾತೇ ಎತ್ತದೆ, ಓಣಿಗೆ ಇನ್ನಷ್ಟು ಹಗ್ಗ ತರಲು ಹೊರಟರು. ಅಕ್ಕ ಸ್ಟೂಲ್ ಹಾಕಿಕೊಂಡು, ಯಂತ್ರಗಳ ಕಡೆ ಒಂದು ಕಿವಿ ಇಟ್ಟು, ಬಿಸಿಬಿಸಿ ಶೀಟು ಮಡಚುತ್ತ ಕೂತರು.

ಬೇಜಾರಾದದ್ದು ಸಲಹೆಗಾರರಿಗೆ ಮಾತ್ರ. ತಮ್ಮ ಒಂದು ಮಾತೂ ಇಲ್ಲದೆ ಸಮಸ್ಯೆ ಬಗೆಹರಿಯುವುದು ಅವರಿಗೆ ಸರಿ ಕಾಣಲಿಲ್ಲ. ಮೊನ್ನೆ ಬ್ಯಾಟರಿಗಳ ಚಿತ್ರಪುಸ್ತಕ ಹಿಡಿದು ಬಂದರು. ಸೂರ್ಯ ಮುಳುಗಿದ ಕೂಡಲೇ ಯಂತ್ರ ಆರಿಸುವುದು ಎಂಥ ಅವ್ಯವಸ್ಥೆ ಎಂದು ಬಹಳ ಹೊತ್ತು ತಿಳಿಹೇಳಿ, ಗಂಭೀರವಾಗಿ ಕೇಳಿದರು:

“ಅಲ್ಲಕ್ಕ, ರಾತ್ರಿಯಿಡೀ ಪ್ರಪಂಚವೆಲ್ಲ ಮೈನಿಂಗ್ ಮಾಡ್ತಿರುತ್ತೆ. ಆ ಹೊತ್ತಲ್ಲಿ ನೀನೇನು ಮಾಡ್ತೀಯ?”

“ಮಲಗ್ತೀನಿ,” ಎಂದರು ಅಕ್ಕ.