ಶಿರಾಜ್ ಮತ್ತು ಅತ್ತೆಯ ಉಪ್ಪು-ಮೆಣಸಿನ ಮಟನ್

ಸಂಡೂರಿನ ಗಣಿಯೊಂದರ ಲ್ಯಾಬಿನಲ್ಲಿ ಅದಿರಿನ ಸ್ಯಾಂಪಲ್ ಪರೀಕ್ಷೆ ಮಾಡುವುದು ನನ್ನ ಕೆಲಸ. ನನ್ನ ನಾಲಿಗೆ ಮಾತ್ರ ಯಾವ ಪರೀಕ್ಷೆಗೂ ಲಾಯಕ್ಕಿಲ್ಲ. ಹಾಲು ಒಡೆದದ್ದು ನನಗೆ ಗೊತ್ತಾಗುವುದು ಚಹಾ ಕುಡಿದು ಮುಗಿಸಿದ ಮೇಲೆ, ಅದೂ ಹೆಂಡತಿ ಹೇಳಿದರೆ. ಅಂಥವನು ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಹೊಸದಾಗಿ ಬಂದಿದ್ದ ಮ್ಯಾನೇಜರ್ ವೈನಿನ ಮಾತೆತ್ತಿದಾಗ, "ನನಗ ಶಿರಾಜ್ ಅಂದ್ರ ಭಾಳ ಇಷ್ಟ ರೀ ಸರ್" ಅಂದುಬಿಟ್ಟೆ. ಆ ಹೆಸರನ್ನು ಹಂಪಿಯ ಹತ್ತಿರದ ಹೋಟೆಲೊಂದರ ಮೆನುವಿನಲ್ಲಿ ಓದಿದ್ದೆ. ಕುಡಿದಿರಲಿಲ್ಲ.

"ಹೌದಾ? ಹಂಗಾದ್ರ ಭಾನುವಾರ ನಿಮ್ಮನಿಗೇ ಬರ್ತೀನಿ. ನನಗೂ ಒಂದಿಷ್ಟು ಕಲಿಸ್ರಿ" ಎಂದರು. ತಮಾಷೆ ಅಂದುಕೊಂಡೆ. ಶನಿವಾರ ಅವರು ವಿಳಾಸ ಕೇಳಿದರು.

ಅಂದೇ ಹೊಸಪೇಟೆಯಲ್ಲಿ ಬಾಟಲಿ ಕೊಂಡು ಮನೆಗೆ ಬಂದು ಫೋನಿನಲ್ಲಿ ಓದತೊಡಗಿದೆ. ಶಿರಾಜ್ ಎಂಬುದು ದಪ್ಪ ಸಿಪ್ಪೆಯ ಕಪ್ಪು ದ್ರಾಕ್ಷಿ. ವೈನಿನ ಗಾಢ ಬಣ್ಣವೂ ಒಗರೂ ಬಹುಪಾಲು ಆ ಸಿಪ್ಪೆಯಿಂದಲೇ ಬರುತ್ತವೆ. ಕರಿಮೆಣಸಿನ ವಾಸನೆ ಇರುತ್ತದೆ. ಮಟನ್ ಜೊತೆ ಚೆನ್ನಾಗಿ ಹೊಂದುತ್ತದೆ. ರೂಮಿನ ಉಷ್ಣಾಂಶದಲ್ಲಿ ಕುಡಿಯಬೇಕು. ಇಷ್ಟನ್ನು ಬಾಯಿಪಾಠ ಮಾಡಿ, "ಮಟನ್ ಮಾಡು, ಖಾರ ಜೋರಿರ್ಲಿ" ಎಂದು ಹೆಂಡತಿಗೆ ಹೇಳಿದೆ. ಜೋರು ವೈನಿಗೆ ಜೋರು ಖಾರ ಎಂಬುದು ನನ್ನ ಸ್ವಂತ ಸಂಶೋಧನೆ.

ಭಾನುವಾರ, ಏಪ್ರಿಲ್ ತಿಂಗಳ ಉರಿಬಿಸಿಲಿನ ಮಧ್ಯಾಹ್ನ ಮ್ಯಾನೇಜರ್ ಬಂದರು. ಬಾಟಲಿಯ ಬಿರಡೆ ತೆಗೆಯುವ ಸಾಧನ ಮನೆಯಲ್ಲಿರಲಿಲ್ಲ. ಸ್ಕ್ರೂಡ್ರೈವರಿನಿಂದ ಅದನ್ನು ಒಳಗೇ ತಳ್ಳಿ, ವೈನನ್ನು ಚಹಾ ಸೋಸುವ ಜಾಲರಿಯಲ್ಲಿ ಗ್ಲಾಸುಗಳಿಗೆ ಸೋಸಿದೆ. "ಹಿಂಗ ಸೋಸಿದ್ರ ಅದಕ್ಕ ಗಾಳಿ ಆಡತೈತ್ರಿ" ಎಂದು ವಿವರಣೆಯನ್ನೂ ಕೊಟ್ಟೆ. ಗ್ಲಾಸು ತಿರುಗಿಸಿ, ಅದರೊಳಗೆ ಮೂಗು ಇಳಿಸಿ, "ಕರಿಮೆಣಸು, ನೇರಳೆ ಹಣ್ಣು" ಎಂದೆ. ನಿಜಕ್ಕೂ ಬಂದದ್ದು ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ.

ಮ್ಯಾನೇಜರ್ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. "ಬೆಚ್ಚಗ ಐತಲ್ರಿ, ಕಷಾಯದಂಗ."

"ರೂಮಿನ ಉಷ್ಣಾಂಶದಾಗ ಕುಡೀಬೇಕ್ರಿ ಸರ್."

"ಯಾವ ಊರಿನ ರೂಮು?"

ನಾನು ಮಟನ್ ಬಡಿಸಿದೆ. ಎರಡು ತುತ್ತಿಗೆ ಅವರ ಕಣ್ಣಲ್ಲಿ ನೀರು ಬಂತು. ಖಾರ ಇಳಿಯಲೆಂದು ವೈನ್ ಕುಡಿದರೆ ಬಾಯಿ ಇನ್ನಷ್ಟು ಉರಿಯಿತು. "ಅದರ ಗುಣಾನೇ ಹಂಗ್ರಿ" ಎನ್ನುವಷ್ಟರಲ್ಲಿ ನನಗೇ ಬಿಕ್ಕಳಿಕೆ ಶುರುವಾಯಿತು.

ಬಂಡ್ರಿಯಿಂದ ಬಂದಿದ್ದ ನನ್ನ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ಊಟ ಮಾಡುತ್ತಿದ್ದರು. ಹೊಟ್ಟೆಗೆ ಖಾರ ಆಗದು ಎಂದು ಅವರಿಗಾಗಿ ಕೊಬ್ಬಿನ ಮಟನ್ ತುಂಡುಗಳನ್ನು ಉಪ್ಪು, ಕರಿಮೆಣಸು ಹಾಕಿ ಬೇರೆಯಾಗಿ ಹುರಿದಿದ್ದಳು ಹೆಂಡತಿ.

"ಅಳಿಯಂದ್ರ, ಅದನ್ನ ಒಂದೀಟು ಇತ್ಲಾಗ ಕೊಡ್ರಿ" ಎಂದರು ಅತ್ತೆ.

"ಅತ್ತಿ, ಇದು ವೈನು."

"ಗೊತ್ತೈತಿ. ಕೊಡ್ರಿ."

ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಬಾಯೆಲ್ಲ ಒಗರಾತು." ಕೊಬ್ಬಿನ ತುಂಡೊಂದನ್ನು ನಿಧಾನಕ್ಕೆ ಅಗಿದು, ಮತ್ತೊಂದು ಗುಟುಕು ಕುಡಿದರು. "ಈಗ ಸರಿಹೋತು ನೋಡ್ರಿ. ಇದಕ್ಕ ಕೊಬ್ಬು ಬೇಕು. ಖಾರದ ಜೋಡಿ ಕೊಟ್ಟು ಪಾಪ ಆ ಸಾಹೇಬ್ರನ್ನ ಯಾಕ ಸುಡಾಕತ್ತೀರಿ? ಬಾಟ್ಲಿನೂ ತಣ್ಣೀರಾಗ ಇಡ್ರಿ."

ಮ್ಯಾನೇಜರ್ ತಟ್ಟೆ ಹಿಡಿದು ಅಡುಗೆಮನೆಯ ಕಡೆ ಎದ್ದು ಹೋದರು. ನಾನು ಬಾಟಲಿಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಕತ್ತಿನವರೆಗೆ ಇಳಿಸಿಟ್ಟೆ. ಅರ್ಧ ಗಂಟೆಯ ನಂತರ ಅದೇ ವೈನ್ ಬೇರೆಯೇ ವೈನ್ ಆಗಿತ್ತು. ನನ್ನ ಮೂಗಿಗೂ ಮೊದಲ ಬಾರಿ ಕರಿಮೆಣಸಿನ ವಾಸನೆ ಬಂತು. ಅದು ಗ್ಲಾಸಿನದೋ ಮಟನ್ನಿನದೋ ಎಂದು ಮಾತ್ರ ಖಚಿತವಾಗಿ ಹೇಳಲಾರೆ.

ಮುಂದಿನ ತಿಂಗಳು ಮ್ಯಾನೇಜರ್ ತಾವೇ ಇನ್ನೊಂದು ಬಾಟಲಿ ತಂದರು. ಸೋಫಾದಲ್ಲಿ ಕೂತಿದ್ದ ನನ್ನನ್ನು ದಾಟಿ, ಇನ್ನೂ ನಮ್ಮಲ್ಲೇ ಇದ್ದ ಅತ್ತೆಯ ಹತ್ತಿರ ನೇರ ಹೋಗಿ, "ಅಮ್ಮಾ, ಇದಕ್ಕ ಏನ್ ಹೊಂದತೈತಿ?" ಎಂದು ಕೇಳಿದರು. ಅತ್ತೆ ಒಂದು ಗುಟುಕು ಸವಿದು ಯೋಚಿಸಿದರು. ಆಮೇಲೆ ನನ್ನ ಕೈಗೆ ಚೀಲ ಕೊಟ್ಟು, "ಕೊಬ್ಬಿರೋ ತುಂಡು ನೋಡಿ ತರ್ರಿ. ಅಂಗಡಿಯಾಗ ಭಾಷಣ ಮಾಡಕ್ಕಂತ ನಿಲ್ಲಬ್ಯಾಡ್ರಿ" ಎಂದರು.